ಮಕ್ಕಳಿಗೆ ಕಾಂಟ್ಯಾಕ್ಟ್ ಲೆನ್ಸ್ ಕೊಡಿಸೋ ಮುಂಚೆ ಇದನ್ನು ಓದಿ

ನಮ್ಮನೆ ಮಂಡ್ಯದಲ್ಲಿ. ಮಗಳಿಗೆ ಹನ್ನೆರಡು ವರ್ಷ, ಎರಡು ಕಣ್ಣಿಗೂ ಮೈನಸ್ ನಾಲ್ಕೂವರೆ ಪವರ್. ಹೋದ ವರ್ಷ ದಸರಾ ರಜೆಯಲ್ಲಿ ಮೈಸೂರಿನಲ್ಲಿ ಅವಳ ಭರತನಾಟ್ಯ ಇತ್ತು. ಕನ್ನಡಕ ಹಾಕಿಕೊಂಡು ಸ್ಟೇಜ್ ಹತ್ತೋ ಹಾಗಿಲ್ಲ, ತೆಗೆದರೆ ಪಕ್ಕದ ಹುಡುಗಿ ಎಲ್ಲಿ ಹೆಜ್ಜೆ ಇಡುತ್ತಿದ್ದಾಳೆ ಅಂತಲೂ ಸರಿಯಾಗಿ ಕಾಣಲ್ಲ. ‘ಲೆನ್ಸ್ ಕೊಡಿಸಮ್ಮಾ’ ಅಂತ ಎರಡು ತಿಂಗಳು ದುಂಬಾಲು ಬಿದ್ದಳು. ಕೊಡಿಸಿದೆ. ಅದರಿಂದಾದ ಕಲೆ ಈಗಲೂ ಅವಳ ಎಡಗಣ್ಣಿನ ಕಾರ್ನಿಯಾ ಮೇಲಿದೆ, ಅಂದ್ರೆ ಕಪ್ಪು ಗುಡ್ಡೆಯನ್ನು ಮುಚ್ಚಿರೋ ಗಾಜಿನಂಥ ಪದರದ ಮೇಲೆ.

ಕಣ್ಣಿನ ಡಾಕ್ಟರ ಹತ್ತಿರ ಹೋಗಲೇ ಇಲ್ಲ, ಅದು ಮೊದಲನೇ ತಪ್ಪು. ಸೀದಾ ಕನ್ನಡಕದ ಅಂಗಡಿಗೆ ಹೋದೆವು. ಅಲ್ಲಿನವರು ಕನ್ನಡಕದ ಚೀಟಿ ನೋಡಿ ಅದೇ ನಂಬರಿನ ತಿಂಗಳ ಲೆನ್ಸ್ ಕೊಟ್ಟರು, ಅಂದ್ರೆ ದಿನಾ ತೆಗೆದು ತೊಳೆದಿಟ್ಟು ಒಂದು ತಿಂಗಳು ಬಳಸೋದು. ಕನ್ನಡಕ ಕಣ್ಣಿಂದ ಸ್ವಲ್ಪ ದೂರ ಇರುತ್ತೆ, ಲೆನ್ಸ್ ಕಣ್ಣಿಗೇ ಅಂಟಿಕೊಂಡಿರುತ್ತೆ, ಹಾಗಾಗಿ ಜಾಸ್ತಿ ಪವರ್ ಇದ್ದವರಿಗೆ ಎರಡರ ನಂಬರೂ ಒಂದೇ ಇರಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಕಣ್ಣಿನ ಉಬ್ಬು ಎಷ್ಟಿದೆ ಅಂತ ಅಳೆಯಬೇಕಿತ್ತು, ಅದನ್ನೂ ಅಳೆಯಲಿಲ್ಲ. ಹಾಕೋದು, ತೆಗೆಯೋದು ಒಂದೊಂದು ಸಲ ತೋರಿಸಿದರು. ‘ಈಗಿನ್ ಮಕ್ಳು ಬೇಗ ಕಲೀತಾರೆ ಬಿಡಿ ಮೇಡಂ’ ಅಂದರು. ನಾನೂ ಹೂಂ ಅಂದೆ.

ನಿಜ ಹೇಳಬೇಕು ಅಂದ್ರೆ ತನ್ನ ಟಿಫಿನ್ ಬಾಕ್ಸನ್ನ ಶುಕ್ರವಾರದಿಂದ ಸೋಮವಾರದವರೆಗೆ ಬ್ಯಾಗಿನಲ್ಲೇ ಬಿಡೋ ಮಗು ಅದು. ಉಗುರು ಕತ್ತರಿಸು ಅಂತ ವಾರವೆಲ್ಲ ಹೇಳಬೇಕು. ಇದೆಲ್ಲ ಕಣ್ಣೆದುರಿಗೇ ಇತ್ತು. ಅಷ್ಟು ಸಾಲದು ಅಂತ ನಾನೇ ಒಂದು ಮಾತು ಆಡಿದ್ದೆ: ‘ದುಡ್ಡು ಕೊಟ್ಟು ತಂದಿದೀನಿ, ಏನಾದ್ರೂ ಎಡವಟ್ಟು ಮಾಡ್ಕೊಂಡ್ರೆ ಕಿತ್ಕೊಂಡ್ಬಿಡ್ತೀನಿ ನೋಡು.’ ಈಗ ಅನ್ನಿಸುತ್ತೆ, ಎಲ್ಲಕ್ಕಿಂತ ಕೆಟ್ಟದ್ದು ಮಾಡಿದ್ದು ಆ ಮಾತು.

ಕಾರ್ಯಕ್ರಮ ಮುಗಿಸಿ ರಾತ್ರಿ ಮಂಡ್ಯಕ್ಕೆ ಬರುವಾಗ ಕಾರಿನಲ್ಲೇ ನಿದ್ದೆ ಹೋದಳು, ಹಾಗೇ ಎತ್ತಿ ಮಲಗಿಸಿದೆವು. ಲೆನ್ಸ್ ಕಣ್ಣಲ್ಲೇ ಇತ್ತು. ಕಾರ್ನಿಯಾಗೆ ರಕ್ತನಾಳ ಇಲ್ಲ, ಆಮ್ಲಜನಕವನ್ನು ಬಹುಪಾಲು ಗಾಳಿಯಿಂದಲೇ ತಗೋಬೇಕು. ಮುಚ್ಚಿದ ರೆಪ್ಪೆಯ ಕೆಳಗೆ ಲೆನ್ಸೂ ಇದ್ದರೆ ಅದಕ್ಕೆ ಉಸಿರು ಕಟ್ಟಿದ ಹಾಗೆ, ಸೋಂಕು ತಗಲೋದು ಸುಲಭ. ಬೆಳಗ್ಗೆ ಕಣ್ಣು ಕೆಂಪಗಿತ್ತು. ‘ಮೇಕಪ್ ಹೋಗಿರ್ಬೇಕು’ ಅಂದಳು. ನಂಬಿದೆ. ನಮ್ಮತ್ತೆ ನಂದಬಟ್ಟಲು ಹೂವು ನೀರಲ್ಲಿ ನೆನೆಸಿ ರೆಪ್ಪೆ ಮೇಲಿಟ್ಟರು. ಮೆಡಿಕಲ್ ಸ್ಟೋರಿನಿಂದ ನಮ್ಮವರು ಒಂದು ಡ್ರಾಪ್ಸ್ ತಂದರು. ಅದರಲ್ಲಿ ಸ್ಟೀರಾಯ್ಡ್ ಇತ್ತಂತೆ. ಕೆಂಪು ಸ್ವಲ್ಪ ಇಳಿದ ಹಾಗೆ ಕಂಡಿತು, ಆದರೆ ಸೋಂಕಿರೋ ಕಣ್ಣಿಗೆ ಸ್ಟೀರಾಯ್ಡ್ ಬಿಟ್ಟರೆ ಒಳಗೆ ಇನ್ನೂ ಹೆಚ್ಚುತ್ತೆ.

ಮೂರನೇ ದಿನ ಕಿಟಕಿ ಪರದೆ ಸರಿಸಿದರೆ ಅಳೋಕೆ ಶುರು ಮಾಡಿದಳು. ಬೆಳಕಿಗೆ ಕಣ್ಣು ಬಿಡೋಕೇ ಆಗ್ತಿಲ್ಲ. ಟಾರ್ಚ್ ಹಿಡಿದು ನೋಡಿದೆ, ಕಪ್ಪು ಗುಡ್ಡೆಯ ಅಂಚಿನಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ.

ಮೈಸೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಬಣ್ಣದ ಔಷಧಿ ತಾಗಿಸಿ ನೀಲಿ ಬೆಳಕು ಬಿಟ್ಟಾಗ ಆ ಹುಣ್ಣು ಹಸಿರಾಗಿ ಹೊಳೆಯಿತು. ಅಲ್ಲಿಂದ ಕೆರೆದು ಲ್ಯಾಬಿಗೆ ಕಳಿಸಿದರು. ಲೆನ್ಸ್ ಡಬ್ಬಿಯನ್ನೂ ಡಾಕ್ಟರು ತರಿಸಿದರು. ಒಳಗೆ ಬೆರಳಿಟ್ಟೆ, ಲೋಳೆ ಲೋಳೆ ಜಾರಿತು. ಲೆನ್ಸ್ ತೊಳೆದು ನೆನೆಸಿಡೋ ಸೊಲ್ಯೂಷನ್ ಖಾಲಿ ಆಗಿದ್ದನ್ನ ಹೇಳದೆ ನಾಲ್ಕೈದು ದಿನ ನಲ್ಲಿ ನೀರಿನಲ್ಲೇ ಲೆನ್ಸ್ ಇಟ್ಟಿದ್ದಳು. ನಮ್ಮ ಸಂಪಿನ ನೀರು ಅದು. ಕಾವೇರಿ ನೀರಾಗಲಿ, ಫಿಲ್ಟರ್ ನೀರಾಗಲಿ, ಲೆನ್ಸಿಗೆ ತಾಕಿಸಲೇಬಾರದು. ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ನೀರಿನಲ್ಲಿರುತ್ತೆ, ಅದು ಕಾರ್ನಿಯಾಗೆ ಹತ್ತಿದರೆ ತಿಂಗಳುಗಟ್ಟಲೆ ಔಷಧಿ. ಪುಣ್ಯಕ್ಕೆ ಇವಳದು ಬ್ಯಾಕ್ಟೀರಿಯಾ ಅಂತ ಬಂತು.

ಗಂಟೆಗೊಂದು ಸಲ ಡ್ರಾಪ್ಸ್, ರಾತ್ರಿಯೂ. ಅಲಾರಂ ಇಟ್ಟು ಏಳೋದು, ಬಿಗಿಯಾಗಿ ಮುಚ್ಚಿದ ರೆಪ್ಪೆ ಬಿಡಿಸಿ ಹನಿ ಬಿಡೋದು. ಅಂಥ ಒಂದು ರಾತ್ರಿ ಎರಡು ಗಂಟೆಗೆ ಹೇಳಿದಳು: ‘ಡ್ಯಾನ್ಸ್‌ಗೆ ಮುಂಚೆನೇ ಚುಚ್ತಿತ್ತಮ್ಮಾ. ಹೇಳಿದ್ರೆ ಕಿತ್ಕೊಳ್ತೀಯ ಅಂತ ಹೇಳ್ಲಿಲ್ಲ.’

ವಯಸ್ಸು ಎಷ್ಟಾಗಿರಬೇಕು ಅಂತ ಡಾಕ್ಟರನ್ನ ಕೇಳಿದೆ. ಹುಟ್ಟಿದಾಗಲೇ ಪೊರೆ ಇದ್ದು ಆಪರೇಷನ್ ಆದ ಕೂಸುಗಳಿಗೂ ಲೆನ್ಸ್ ಹಾಕುತ್ತಾರಂತೆ, ಅಲ್ಲಿ ನೋಡಿಕೊಳ್ಳೋದು ಅಪ್ಪ ಅಮ್ಮ. ತಾನೇ ಹಾಕಿಕೊಳ್ಳೋ ಮಗುವಾದರೆ ಯಾರೂ ಹೇಳದೆ ಸೋಪಲ್ಲಿ ಕೈ ತೊಳೆದು ಒರೆಸಿಕೊಳ್ಳುತ್ತಾ, ಎಷ್ಟೇ ಸುಸ್ತಾಗಿದ್ದರೂ ಮಲಗೋ ಮುಂಚೆ ತೆಗೆದಿಡುತ್ತಾ, ಕಣ್ಣು ಉರಿದರೆ ಬಂದು ಹೇಳುತ್ತಾ, ಇದನ್ನು ನೋಡಿ ಅಂದರು. ಮೊದಲೆರಡು ಕಲಿಸಬಹುದು. ಮೂರನೆಯದು ನಾವು ಮಕ್ಕಳ ಜೊತೆ ಹೇಗಿದ್ದೀವಿ ಅನ್ನೋದರ ಮೇಲೆ ನಿಂತಿದೆ. ಕಾರ್ಯಕ್ರಮಕ್ಕೆ ಮಾತ್ರ ಬೇಕಿದ್ದರೆ ಒಂದು ದಿನ ಹಾಕಿ ಎಸೆಯೋ ಲೆನ್ಸ್ ಸಾಕಿತ್ತು. ಡಬ್ಬಿ, ಸೊಲ್ಯೂಷನ್ ಯಾವ ರಗಳೆಯೂ ಇರಲ್ಲ.

ಕಲೆ ನಟ್ಟನಡುವೆ ಇಲ್ಲದ್ದರಿಂದ ದೃಷ್ಟಿ ಉಳಿದಿದೆ. ಈಗ ಕನ್ನಡಕವೇ.

ನಿಮ್ಮ ಮನೆಯಲ್ಲಿ ಲೆನ್ಸ್ ಹಾಕೋ ಮಗುವಿನ ಕಣ್ಣು ಕೆಂಪಾದರೆ, ನೋವು ಅಂದರೆ, ಬೆಳಕು ಆಗ್ತಿಲ್ಲ ಅಂದರೆ ತಕ್ಷಣ ಲೆನ್ಸ್ ತೆಗೆಸಿ. ಅಂಗಡಿ ಡ್ರಾಪ್ಸ್ ಬೇಡ. ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಭಾನುವಾರ ಅಂತ ಕಾಯಬೇಡಿ. ತೆಗೆದ ಲೆನ್ಸ್, ಡಬ್ಬಿ ಎರಡನ್ನೂ ಎಸೆಯದೆ ಜೊತೆಗೇ ತಗೊಂಡು ಹೋಗಿ, ಲ್ಯಾಬಿಗೆ ಬೇಕಾಗುತ್ತೆ.