ಇಟ್ಟಿಗೆಗೆಂಪು ರತ್ನಗಂಬಳಿ: ನಾಲ್ಕು ವರ್ಷಗಳ ಬಳಕೆಯ ಅನುಭವ

5 ಅಡಿ ಅಗಲ, 8 ಅಡಿ ಉದ್ದದ ಈ ಉಣ್ಣೆಯ ರತ್ನಗಂಬಳಿಯನ್ನು ಹಜಾರದಲ್ಲಿ ಹಾಸಿ ನಾಲ್ಕು ವರ್ಷಗಳು ತುಂಬಿವೆ. ನೇಯ್ಗೆಯ ಬಗ್ಗೆ ದೂರಿಲ್ಲ; ಮೊದಲ ಕೆಲವು ತಿಂಗಳು ನವಿರು ಎಳೆಗಳು ಉದುರಿದವು, ಅನಂತರ ನಿಂತವು. ನಾನು ವಿವರವಾಗಿ ಬರೆಯಬೇಕೆಂದಿರುವುದು ಬಣ್ಣದ ಆಯ್ಕೆಯ ಕುರಿತು.

ಅಂಗಡಿಯಲ್ಲಿ ನನ್ನ ಮನಸ್ಸು ಮೊದಲು ಒಲಿದದ್ದು ಕಡುನೀಲಿಗೆ. ಪುಣ್ಯಕ್ಕೆ ಎರಡೂ ಬಣ್ಣಗಳ ಮಾದರಿ ತುಂಡುಗಳನ್ನು ಮನೆಗೆ ತಂದು ಎರಡು ದಿನ ನೆಲದ ಮೇಲೆಯೇ ಇಟ್ಟು ನೋಡಿದೆ. ಹಗಲಿನಲ್ಲಿ ಅಷ್ಟು ಚೆಂದವಿದ್ದ ನೀಲಿ, ಸಂಜೆ 2700 ಕೆಲ್ವಿನ್‌ನ ಹಳದಿ ದೀಪ ಹೊತ್ತಿಸಿದ ಕೂಡಲೇ ಹೆಚ್ಚುಕಡಿಮೆ ಕಪ್ಪಾಯಿತು. ಇಟ್ಟಿಗೆಗೆಂಪು ಮಾತ್ರ ಇನ್ನಷ್ಟು ಕಳೆಗಟ್ಟಿತು. ಅಂತಹ ದೀಪದ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆಯಿರುವುದೇ ಇದಕ್ಕೆ ಕಾರಣ. ನಾವು ಆ ಕೋಣೆಯಲ್ಲಿ ಕೂರುವುದು ಬಹುಪಾಲು ಕತ್ತಲಾದ ಮೇಲೆಯೇ ಆದ್ದರಿಂದ ಕೆಂಪನ್ನೇ ಆರಿಸಿಕೊಂಡೆವು. ಆ ನಿರ್ಧಾರ ಸರಿಯಾಗಿತ್ತೆಂದು ಇಂದಿಗೂ ಅನ್ನಿಸುತ್ತದೆ.

ಆದರೆ ಕಂಬಳಿ ಹಾಸಿದ ವಾರದಲ್ಲೇ ನಮ್ಮ ಬೂದು ಬಣ್ಣದ ಸೋಫಾ ತುಸು ಹಸಿರಾಗಿ ಕಾಣತೊಡಗಿತು. ಕೊಳೆಯಿರಬೇಕೆಂದು ಒರೆಸಿದೆ, ಹೋಗಲಿಲ್ಲ. ಕೋಣೆಯಾಚೆ ಎಳೆದು ನೋಡಿದರೆ ಅದೇ ಹಳೆಯ ಬೂದು! ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕರಾಗಿದ್ದ ರಸಾಯನವಿಜ್ಞಾನಿ ಶೆವ್ರೆಲ್, ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರನ್ನು ಬೆನ್ನಟ್ಟಿ, ದೋಷ ಬಣ್ಣದ್ದಲ್ಲ, ಪಕ್ಕದ ನೂಲಿನ ಬಣ್ಣದ ಪ್ರಭಾವದ್ದು ಎಂಬುದನ್ನು ಕಂಡುಕೊಂಡು 1839ರಲ್ಲಿ ಪ್ರಕಟಿಸಿದ್ದರು. ನನ್ನ ಮನೆಯಲ್ಲಿ ನಡೆದದ್ದೂ ಅದೇ. ಸೋಫಾಕ್ಕೆ ಕೆನೆಬಣ್ಣದ ಹೊದಿಕೆ ಹಾಕಿದ ಮೇಲೆ ಎರಡೂ ಹೊಂದಿಕೊಂಡವು. ಆದ್ದರಿಂದ ಮಾದರಿ ತುಂಡನ್ನು ಬರಿಯ ನೆಲದ ಮೇಲಲ್ಲದೆ, ಅದರ ಪಕ್ಕದಲ್ಲಿ ಇರಲಿರುವ ಪೀಠೋಪಕರಣದ ಕಾಲಬುಡದಲ್ಲಿಟ್ಟು ನೋಡುವುದು ಅವಶ್ಯ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳಿರಲಿಲ್ಲ. ಎಳೆಗಳು ಒಂದೇ ಕಡೆಗೆ ಬಾಗಿರುವುದರಿಂದ ಬಾಗಿಲಿನಿಂದ ನೋಡಿದರೆ ಬಣ್ಣ ಗಾಢವಾಗಿಯೂ, ಕಿಟಕಿಯ ಕಡೆಯಿಂದ ನೋಡಿದರೆ ತಿಳಿಯಾಗಿಯೂ ಕಾಣುತ್ತದೆ. ಒಳಗೆ ಕಾಲಿಡುತ್ತಲೇ ಯಾವ ಛಾಯೆ ಕಾಣಬೇಕೆಂಬುದನ್ನು ಕಂಬಳಿಯನ್ನು ತಿರುಗಿಸಿ ನೋಡಿಯೇ ನಿರ್ಧರಿಸಬೇಕು.

ಧೂಳಿನ ವಿಷಯದಲ್ಲಿ ಈ ಮಧ್ಯಮ ಗಾಢತೆಯ, ಅಲ್ಲಲ್ಲಿ ಛಾಯೆ ಬದಲಾಗುವ ಕೆಂಪು ಬಹಳ ಅನುಕೂಲ.

ಬಣ್ಣ ಮಾಸಿದ್ದು ಮಾತ್ರ ನನ್ನ ಅಲಕ್ಷ್ಯದಿಂದ. ಮೊದಲ ಎರಡು ವರ್ಷ ಅದನ್ನು ತಿರುಗಿಸಲೇ ಇಲ್ಲ. ಒಂದು ದಿನ ಕಿಟಕಿಯ ಬಳಿಯ ಪುಟ್ಟ ಮೇಜನ್ನು ಸರಿಸಿದಾಗ ಅದರ ಕಾಲುಗಳಡಿ ನಾಣ್ಯದಗಲದ ನಾಲ್ಕು ವೃತ್ತಗಳಲ್ಲಿ ಕೊಂಡ ದಿನದ ಕೆಂಪು ಹಾಗೆಯೇ ಉಳಿದಿತ್ತು. ಸುತ್ತಲೂ ಬಿಸಿಲಿಗೆ ಬಿಳಿಚಿದ ಬಣ್ಣ. ನೋಡಿ ಮನಸ್ಸಿಗೆ ಬಹಳ ಬೇಸರವಾಯಿತು. ಅಂದಿನಿಂದ ತೆಳುಪರದೆ ಹಾಕಿ, ಆರು ತಿಂಗಳಿಗೊಮ್ಮೆ ಕಂಬಳಿಯ ತಲೆ-ಬುಡ ಬದಲಿಸುತ್ತಿದ್ದೇನೆ. ವ್ಯತ್ಯಾಸ ಈಗ ಎದ್ದು ಕಾಣುವುದಿಲ್ಲ. ಮತ್ತೊಮ್ಮೆ ಕೊಳ್ಳುವುದಾದರೆ ಇದೇ ಬಣ್ಣವನ್ನು, ಒಂದು ಛಾಯೆ ಗಾಢವಾಗಿರುವುದನ್ನು ಆರಿಸುತ್ತೇನೆ.