ಇಡೀ ಕಟ್ಟಡವೋ, ಬಿಡಿ ಫ್ಲ್ಯಾಟ್‌ಗಳೋ: ಮಾರುವವರು ತಿಳಿಸಬೇಕಾದದ್ದು

ಬೆಂಗಳೂರಿನಲ್ಲಿ ಬಾಡಿಗೆ ಮನೆಗಳ ಕಟ್ಟಡವನ್ನು ಹೇಗೆ ಮಾರಿದರೂ, ನಿಮಗೆ ಗೊತ್ತಿದ್ದು ಖರೀದಿದಾರರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಗಂಭೀರ ದೋಷವನ್ನು, ಅದು ಕಟ್ಟಡದ್ದಾಗಲಿ ಹಕ್ಕಿನದ್ದಾಗಲಿ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ ತಿಳಿಸಬೇಕು.

ಇಡಿಯಾಗಿ ಮಾರಿದರೆ ಒಂದೇ ಕ್ರಯಪತ್ರ ಸಾಕು, ಖರ್ಚೂ ಕಡಿಮೆ. ಆದರೆ ಬಾಡಿಗೆ ಕರಾರುಗಳು ಹೊಸ ಮಾಲೀಕರಿಗೂ ಅನ್ವಯಿಸುವುದರಿಂದ ಪ್ರತಿ ಮನೆಯ ಅವಧಿ, ಬಾಡಿಗೆ, ಮುಂಗಡ ಹಣವನ್ನು ಬರೆದುಕೊಡುವುದು ನ್ಯಾಯ.

ಬಿಡಿಯಾಗಿ ಮಾರಿದರೆ ಹೊರೆ ಹೆಚ್ಚು: ಪ್ರತಿ ಫ್ಲ್ಯಾಟಿಗೂ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಭೂಮಿಯಲ್ಲಿನ ಅವಿಭಜಿತ ಪಾಲು, ಕಟ್ಟಡವನ್ನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ. 500 ಚದರ ಮೀಟರ್ ಮೀರಿದ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯ ಪ್ರಶ್ನೆಯೂ ಏಳುತ್ತದೆ.

ನಕ್ಷೆ ಮೀರಿ ಕಟ್ಟಿದ್ದರೆ, ಅದನ್ನು ತಿಳಿಸಿ ಇಡಿಯಾಗಿ ಮಾರುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ಅನುಮೋದಿತ ನಕ್ಷೆ, ವಾಸಯೋಗ್ಯ ಪ್ರಮಾಣಪತ್ರ ಎರಡೂ ಸರಿಯಿದ್ದು ಕಾಯುವ ಶಕ್ತಿಯಿದ್ದವರಿಗೆ ಬಿಡಿ ಮಾರಾಟ ಹೊಂದುತ್ತದೆ.