ಸ್ಯಾಟಿರ್ ಆಗಿ ಮೂರೂವರೆ ವರ್ಷ ಆಡಿದ ಮೇಲೆ

ಸೊಂಟದ ಮೇಲೆ ಮನುಷ್ಯ, ಕೆಳಗೆ ಹೋತ. ತಲೆಯ ಮೇಲೆ ಎರಡು ಕೊಂಬು, ಕೈಯಲ್ಲಿ ಕೊಳಲು. ಗ್ರೀಕ್ ಪುರಾಣದ ಸ್ಯಾಟಿರ್ ಎಂಬ ಈ ಕಾಡುಜೀವಿಯನ್ನು, ಗೆಳೆಯರು ಸೇರಿ ಪಾತ್ರಗಳಾಗಿ ಕಥೆ ಕಟ್ಟುತ್ತಾ ದಾಳ ಉರುಳಿಸಿ ಆಡುವ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಆಟದ ಐದನೆಯ ಆವೃತ್ತಿಯಲ್ಲಿ ನಾನು ಮೂರೂವರೆ ವರ್ಷಗಳಿಂದ ಆಡುತ್ತಿದ್ದೇನೆ. ತಿಂಗಳಿಗೆ ಎರಡು ಶನಿವಾರ, ಅದೇ ಐದು ಜನ ಗೆಳೆಯರು, ಅದೇ ಪಾತ್ರ, ಒಂದನೆಯ ಮಟ್ಟದಿಂದ ಹನ್ನೊಂದನೆಯ ಮಟ್ಟದವರೆಗೆ. ಇಷ್ಟು ಕಾಲ ಆಡಿದ ಮೇಲೆ ನನಗೆ ಸ್ಪಷ್ಟವಾಗಿರುವುದು ಇಷ್ಟು: ಬಹುತೇಕ ಆಟಗಾರರು ಯಾವ ಶಕ್ತಿಗಾಗಿ ಸ್ಯಾಟಿರ್ ಕುಲವನ್ನು ಆರಿಸಿಕೊಳ್ಳುತ್ತಾರೋ ಆ ಶಕ್ತಿಯೇ ನಮ್ಮ ಆಟಕ್ಕೆ ಭಾರವಾಯಿತು, ಓದುವಾಗ ಕಣ್ಣಿಗೂ ಬೀಳದ ಒಂದೆರಡು ಸಾಲುಗಳು ಪಾತ್ರವನ್ನು ಜೀವಂತವಾಗಿ ಉಳಿಸಿದವು.

ಸ್ಯಾಟಿರ್ ಈ ಆಟಕ್ಕೆ ಹೊಸಬನಲ್ಲ. 1977ರ ರಾಕ್ಷಸ ಕೋಶದಲ್ಲಿಯೇ (ಎದುರಾಳಿ ಜೀವಿಗಳ ವಿವರಗಳಿರುವ ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಪುಸ್ತಕ) ಅವನಿದ್ದಾನೆ. 2014ರ ರಾಕ್ಷಸ ಕೋಶದಲ್ಲಿ 31 ಹಿಟ್ ಪಾಯಿಂಟ್‌ಗಳ (ಪ್ರಾಣಬಲದ ಅಂಕಗಳ) ಸಣ್ಣ ಎದುರಾಳಿಯಾಗಿ ಮತ್ತೆ ಬರುತ್ತಾನೆ. ಐದನೆಯ ಆವೃತ್ತಿಯಲ್ಲಿ ಆಟಗಾರರೇ ಅವನ ವೇಷ ಹಾಕಲು ಅವಕಾಶವಾದದ್ದು 2020ರ ‘ಮಿಥಿಕ್ ಒಡಿಸ್ಸೀಸ್ ಆಫ್ ಥೆರೋಸ್’ ಪುಸ್ತಕದಿಂದ. ಥೆರೋಸ್ ಎಂಬುದು ‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡ್ ಆಟಕ್ಕಾಗಿ 2013ರಲ್ಲಿ ರೂಪುಗೊಂಡ, ಗ್ರೀಕ್ ಪುರಾಣದ ನೆರಳಿನಲ್ಲಿರುವ ಲೋಕ. ಎರಡು ವರ್ಷಗಳ ಬಳಿಕ, 2022ರಲ್ಲಿ, ‘ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್’ ಪುಸ್ತಕವು 30ಕ್ಕೂ ಹೆಚ್ಚು ಕುಲಗಳನ್ನು ತಿದ್ದಿ ಒಂದೆಡೆ ಸೇರಿಸಿದಾಗ ಸ್ಯಾಟಿರ್ ಕೂಡ ಅದರೊಳಗೆ ಸೇರಿಕೊಂಡ. ನಾನು ಮೊದಲು ಆಡಿದ್ದು ಹಳೆಯ ರೂಪ. ನಡುವೆ ಎಲ್ಲರ ಒಪ್ಪಿಗೆಯಿಂದ ಹೊಸ ರೂಪಕ್ಕೆ ಬದಲಾಯಿಸಿಕೊಂಡೆ.

ಕನ್ನಡದಲ್ಲಿ ಇವನನ್ನು ಏನೆಂದು ಕರೆಯಬೇಕೆಂದು ನಮ್ಮಲ್ಲಿ ಒಂದು ಸಂಜೆಯಿಡೀ ಮಾತಾಯಿತು. ಒಬ್ಬರು ‘ಕಿನ್ನರ’ ಎಂದರು. ‘ಇವನು ನರನೇ?’ ಎಂಬ ಸಂದೇಹವನ್ನು ಹೆಸರಿನಲ್ಲಿಯೇ ಹೊತ್ತ, ಕುದುರೆಯ ಮುಖದ ನಮ್ಮ ಗಾಯಕ ಕಿನ್ನರನಿಗೂ ಇವನಿಗೂ ಹಾಡಿನ ನಂಟಂತೂ ಇದೆ. ಪ್ರಾಚೀನ ಗ್ರೀಕ್ ಮಡಕೆಗಳ ಚಿತ್ರಗಳಲ್ಲಿ ಸ್ಯಾಟಿರ್‌ಗೆ ಇರುವುದು ಕುದುರೆಯ ಬಾಲ ಮತ್ತು ಕಿವಿಗಳೇ, ಹೋತದ ಕಾಲುಗಳು ಅವನಿಗೆ ಅಂಟಿಕೊಂಡದ್ದು ಪ್ಯಾನ್ ದೇವತೆಯ ಮತ್ತು ರೋಮನ್ನರ ಫಾನ್‌ನ ಸಹವಾಸದಿಂದ. ಆದರೂ ಕಿನ್ನರನ ಸೌಮ್ಯತೆ ಬೇರೆ, ದ್ರಾಕ್ಷಾರಸದ ದೇವತೆ ಡಯೊನೈಸಸ್‌ನ ಹಿಂದೆ ಕುಡಿದು ಕುಣಿಯುತ್ತಾ ಹೋಗುವ ಇವನ ಒರಟುತನ ಬೇರೆ. ಹೀಗಾಗಿ ಸ್ಯಾಟಿರ್ ಎಂಬ ಹೆಸರನ್ನೇ ಉಳಿಸಿಕೊಂಡೆವು.

ಈಗ ಭಾರವಾದ ಶಕ್ತಿಯ ವಿಚಾರಕ್ಕೆ ಬರುತ್ತೇನೆ. ಸ್ಯಾಟಿರ್‌ಗೆ ಹುಟ್ಟಿನಿಂದಲೇ ‘ಮ್ಯಾಜಿಕ್ ರೆಸಿಸ್ಟೆನ್ಸ್’ ಇದೆ. ಅಂದರೆ ಯಾರಾದರೂ ಅವನ ಮೇಲೆ ಮಂತ್ರ ಪ್ರಯೋಗಿಸಿದರೆ ಸೇವಿಂಗ್ ಥ್ರೋಗಾಗಿ, ಅಂದರೆ ಅದರಿಂದ ಪಾರಾಗಲು, 20 ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನ ಅಂಕವನ್ನು ಇಟ್ಟುಕೊಳ್ಳಬಹುದು. ಇದಕ್ಕೆ ದಿನಕ್ಕೆ ಇಷ್ಟೇ ಸಲವೆಂಬ ಮಿತಿಯಿಲ್ಲ, ಖರ್ಚಿಲ್ಲ, ಮುಂಚಿತವಾಗಿ ಘೋಷಿಸಬೇಕಾದ ಅಗತ್ಯವೂ ಇಲ್ಲ. 2020ರ ಪುಸ್ತಕದಲ್ಲಿ ಈ ರಕ್ಷಣೆ ಮಂತ್ರಗಳಿಗೂ ಇತರ ಮಾಂತ್ರಿಕ ಪರಿಣಾಮಗಳಿಗೂ ಅನ್ವಯಿಸುತ್ತಿತ್ತು. 2022ರಲ್ಲಿ ಅದನ್ನು ಮಂತ್ರಗಳಿಗೆ ಮಾತ್ರ ಸೀಮಿತಗೊಳಿಸಿದರು.

ಮೊದಲ ಆರು ತಿಂಗಳು ನನಗೆ ಇದು ಹಬ್ಬವಾಗಿತ್ತು. ತೊಂದರೆ ಕಾಣಿಸಿದ್ದು ಐದನೆಯ ಮಟ್ಟದಲ್ಲಿ. ಶತ್ರು ಮಾಂತ್ರಿಕನ ಮಂತ್ರವನ್ನು ತಡೆಯಲು 13 ಬೇಕಿದ್ದಾಗ, ವಿಸ್ಡಮ್‌ನಲ್ಲಿ (ದಾಳದ ಅಂಕಕ್ಕೆ ಸೇರುವ ವಿವೇಕದ ಅಂಕ) ಕೇವಲ +1 ಇರುವ ನನ್ನ ಬಾರ್ಡ್ (ಗಾಯಕ ಮಾಂತ್ರಿಕ) ಸಾಮಾನ್ಯವಾಗಿ ಪಾರಾಗುವ ಸಾಧ್ಯತೆ ಶೇ. 45; ಎರಡು ದಾಳಗಳ ಕಾರಣ ಅದು ಸುಮಾರು ಶೇ. 70ಕ್ಕೆ ಏರುತ್ತದೆ. ನನಗೂ ಸ್ವಲ್ಪ ಅಪಾಯ ತಟ್ಟಲಿ ಎಂದು ನಮ್ಮ ಡಂಜನ್ ಮಾಸ್ಟರ್ (ಕಥೆ ನಡೆಸುವವರು) ಆಗಿರುವ ಗೆಳತಿ ಆ ಅಂಕವನ್ನು 16ಕ್ಕೆ ಏರಿಸಿದರು. ನಾನು ಆಗಲೂ ಎರಡರಲ್ಲಿ ಒಂದು ಸಲ ಪಾರಾಗುತ್ತಿದ್ದೆ. ಆದರೆ ನನ್ನ ಪಕ್ಕದಲ್ಲಿ ನಿಂತ, ವಿಸ್ಡಮ್‌ನಲ್ಲಿ -1 ಇರುವ ಕುಬ್ಜ ಯೋಧನ ಸಾಧ್ಯತೆ ಶೇ. 35ರಿಂದ ಶೇ. 20ಕ್ಕೆ ಕುಸಿಯಿತು. ಸತತ ಮೂರು ಶನಿವಾರ ಆ ಗೆಳೆಯ ತನ್ನ ಸರದಿ ಬಂದಾಗಲೆಲ್ಲ ‘ನಾನು ಇನ್ನೂ ಸ್ತಬ್ಧನಾಗಿದ್ದೇನೆ’ ಎಂದಷ್ಟೇ ಹೇಳಿ ಸುಮ್ಮನಾಗಬೇಕಾಯಿತು. ಅವನು ಒಮ್ಮೆಯೂ ದೂರಲಿಲ್ಲ. ಆದರೆ ಆ ದನಿಯಲ್ಲಿದ್ದ ಬೇಸರವನ್ನು ಕೇಳಿಸಿಕೊಂಡ ಮೇಲೆ ನನ್ನ ಎರಡನೆಯ ದಾಳವನ್ನು ಉರುಳಿಸುವ ಸಂತೋಷ ಉಳಿಯಲಿಲ್ಲ. ಕೊನೆಗೆ ನಾವು ಮಾತನಾಡಿ, ಈ ರಕ್ಷಣೆಯನ್ನು ದಿನಕ್ಕೆ ಮೂರು ಸಲ ಮಾತ್ರ ಬಳಸುವುದೆಂದು ನಮ್ಮದೇ ನಿಯಮ ಮಾಡಿಕೊಂಡೆವು. ಅಂದಿನಿಂದ ಅಂಕಗಳು ಮೊದಲಿನ ಹದಕ್ಕೆ ಮರಳಿದವು, ಯುದ್ಧಗಳಲ್ಲಿ ಎಲ್ಲರಿಗೂ ಕೆಲಸ ಸಿಕ್ಕಿತು. ಹೊಸದಾಗಿ ಈ ಕುಲವನ್ನು ಆರಿಸಿಕೊಳ್ಳುವವರು ಈ ಮಾತುಕತೆಯನ್ನು ಮೊದಲ ದಿನವೇ ಮುಗಿಸಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ನಾನು ಮೊದಲು ಗಮನಿಸದೆ ದಾಟಿದ್ದ ಸಾಲು ಎಂದರೆ ‘ಇವನು ಮಾನವ ವರ್ಗದ ಜೀವಿಯಲ್ಲ, ಫೇ’ ಎಂಬುದು. ಮನುಷ್ಯ, ಕುಬ್ಜ, ಎಲ್ಫ್ ಎಲ್ಲರೂ ನಿಯಮದ ದೃಷ್ಟಿಯಲ್ಲಿ ‘ಹ್ಯೂಮನಾಯ್ಡ್’ ವರ್ಗದವರು; ಸ್ಯಾಟಿರ್ ಮಾತ್ರ ಫೇ, ಅಂದರೆ ಅರಣ್ಯಶಕ್ತಿಗಳ ಲೋಕಕ್ಕೆ ಸೇರಿದವನು. ಇದರ ಅರ್ಥ ನನಗೆ ತಿಳಿದದ್ದು ಸಮುದ್ರದಂಚಿನ ಒಂದು ಬಂಡೆಯ ಮೇಲೆ. ಅರ್ಧ ಹೆಣ್ಣು, ಅರ್ಧ ಹಕ್ಕಿಯಾದ ಹಾರ್ಪಿಯೊಂದು ಹಾಡತೊಡಗಿತು. ಗೆಳತಿ ಎಲ್ಲರಿಗೂ ದಾಳ ಉರುಳಿಸಲು ಹೇಳಿದರು. ಮೂವರು ಸೋತು, ಮಂತ್ರಮುಗ್ಧರಾಗಿ ಬಂಡೆಯ ಅಂಚಿನ ಕಡೆಗೆ ನಡೆಯತೊಡಗಿದರು. ನಾನು ದಾಳ ಎತ್ತಿಕೊಂಡಾಗ ಗೆಳತಿ ಪುಸ್ತಕವನ್ನು ಮತ್ತೊಮ್ಮೆ ಓದಿ, ‘ತಡೆಯಿರಿ, ನೀವು ಉರುಳಿಸಬೇಕಾಗಿಲ್ಲ’ ಎಂದರು. ಆ ಹಾಡು ಹ್ಯೂಮನಾಯ್ಡ್‌ಗಳನ್ನೂ ದೈತ್ಯರನ್ನೂ ಮಾತ್ರ ಸೆಳೆಯುತ್ತದೆ. ಎಲ್ಲರೂ ಸಾವಿನ ಕಡೆಗೆ ನಡೆಯುತ್ತಿರುವಾಗ ನನ್ನವನೊಬ್ಬನೇ ಆ ಹಾಡನ್ನು ಬರಿಯ ಹಾಡಾಗಿ ಕೇಳುತ್ತಾ ನಿಂತಿದ್ದ. ಕುಬ್ಜನ ಸೊಂಟಪಟ್ಟಿ ಹಿಡಿದು ಎಳೆಯುವಾಗ, ತಾನು ಇವರಲ್ಲಿ ಒಬ್ಬನಲ್ಲ ಎಂಬುದು ಅವನಿಗೆ ಮೊದಲ ಬಾರಿಗೆ ಅರಿವಾಯಿತು. ಮುಂದಿನ ಒಂದು ವರ್ಷದ ಕಥೆ ಬೆಳೆದದ್ದು ಆ ಅರಿವಿನಿಂದ.

ಈ ಪ್ರತ್ಯೇಕತೆಗೆ ಬೆಲೆಯೂ ಇದೆ. ಮೋಹಗೊಳಿಸುವ ‘ಚಾರ್ಮ್ ಪರ್ಸನ್’, ಸ್ತಬ್ಧಗೊಳಿಸುವ ‘ಹೋಲ್ಡ್ ಪರ್ಸನ್’ ಮಂತ್ರಗಳು ಅವನಿಗೆ ತಟ್ಟುವುದಿಲ್ಲ, ನಿಜ. ಆದರೆ ‘ಪ್ರೊಟೆಕ್ಷನ್ ಫ್ರಮ್ ಈವಿಲ್ ಆಂಡ್ ಗುಡ್’ ಹಾಕಿಕೊಂಡ ಪುರೋಹಿತನ ಮೇಲೆ ಅವನ ಬಾಣಗಳು ಗುರಿ ತಪ್ಪುವ ಸಾಧ್ಯತೆ ಹೆಚ್ಚುತ್ತದೆ. ‘ಫರ್ಬಿಡನ್ಸ್’ ಮಂತ್ರವು ಫೇಗಳ ವಿರುದ್ಧ ಹಾಕಲ್ಪಟ್ಟ ದೇವಾಲಯದಲ್ಲಿ ಅವನ ಮೈ ಸುಡುತ್ತದೆ. ಸತ್ತರೆ ‘ರೀಇನ್‌ಕಾರ್ನೇಟ್’ ಮಂತ್ರದಿಂದ ಅವನನ್ನು ಮರಳಿ ತರಲಾಗದು, ಏಕೆಂದರೆ ಆ ಮಂತ್ರ ಹ್ಯೂಮನಾಯ್ಡ್‌ಗಳಿಗೆ ಮಾತ್ರ ಮೀಸಲು. ನಮ್ಮ ತಂಡದ ಡ್ರೂಯಿಡ್ (ಪ್ರಕೃತಿಯ ಮಾಂತ್ರಿಕ) ಇದನ್ನು ಓದಿ ತಿಳಿಸಿದ ದಿನದಿಂದ ನಾನು ಮುನ್ನುಗ್ಗುವುದನ್ನು ಕಡಿಮೆ ಮಾಡಿದೆ.

ಇನ್ನು ಜಿಗಿತ. ಸ್ಯಾಟಿರ್ ಜಿಗಿದಾಗಲೆಲ್ಲ 8 ಮುಖದ ದಾಳವೊಂದನ್ನು ಉರುಳಿಸಿ, ಬಿದ್ದಷ್ಟು ಅಡಿಗಳನ್ನು ಜಿಗಿತಕ್ಕೆ ಸೇರಿಸಿಕೊಳ್ಳಬಹುದು. ಎಷ್ಟು ಅಡಿ ಹಾರಲಾಗುತ್ತದೆ ಎಂಬುದು ಆಟದಲ್ಲಿ ಸಾಮಾನ್ಯವಾಗಿ ನಿಶ್ಚಿತ ಲೆಕ್ಕ. ದೇಹಬಲ 10 ಇದ್ದರೆ ಓಡಿಬಂದು 10 ಅಡಿ, ಅಷ್ಟೇ. ಸ್ಯಾಟಿರ್‌ಗೆ ಮಾತ್ರ ಅದು ಪ್ರತಿ ಸಲವೂ ಪ್ರಶ್ನೆ. ಮುರಿದ ಸೇತುವೆಯೊಂದರ ನಡುವೆ 15 ಅಡಿಯ ಕಂದರವಿದ್ದಾಗ 5 ಅಥವಾ ಹೆಚ್ಚು ಬೀಳಬೇಕಿತ್ತು, ಅಂದರೆ ಸರಿಯಾಗಿ ಅರ್ಧಕ್ಕೆ ಅರ್ಧ ಅವಕಾಶ. ಬಿದ್ದದ್ದು 3. ಗೊರಸುಗಳು ಆಚೆಯ ಹಲಗೆಗೆ ಎರಡು ಅಡಿ ಈಚೆಯೇ ಗಾಳಿಯಲ್ಲಿ ಉಳಿದವು; ಕೊಂಬೊಂದು ಹಗ್ಗಕ್ಕೆ ಸಿಕ್ಕಿಕೊಂಡಿತೆಂದು ಗೆಳತಿ ಕರುಣೆ ತೋರಿದ್ದರಿಂದ ಬದುಕಿದೆ. ಇಷ್ಟು ವರ್ಷಗಳ ಬಳಿಕವೂ ನಾನು ಆ ಪುಟ್ಟ ದಾಳವನ್ನು ಕೈಗೆತ್ತಿಕೊಂಡರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ.

ಕೊಂಬಿನಿಂದ ಗುದ್ದುವ ಶಕ್ತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 4 ಮುಖದ ದಾಳದಷ್ಟಿದ್ದ ಹೊಡೆತವನ್ನು 2022ರಲ್ಲಿ 6 ಮುಖಕ್ಕೆ ಏರಿಸಿದರೂ, ದೇಹಬಲ ಕಡಿಮೆಯಿರುವ ಬಾರ್ಡ್‌ಗೆ ಅದರಿಂದ ದೊಡ್ಡ ಪ್ರಯೋಜನವಿಲ್ಲ. ಸೆರೆಮನೆಯಲ್ಲಿ ಆಯುಧಗಳನ್ನೆಲ್ಲ ಕಿತ್ತುಕೊಂಡಾಗ ಒಮ್ಮೆ ನೆರವಾಯಿತು.

ನನ್ನ ನಿಜವಾದ ಅಸಮಾಧಾನ ಬೇರೆಡೆ ಇದೆ. ಪುಸ್ತಕಗಳು ಸ್ಯಾಟಿರ್‌ನ ಮನಸ್ಸನ್ನು ‘ರೆವೆಲರ್’, ಅಂದರೆ ಮೋಜುಗಾರ, ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತವೆ: ಪ್ರದರ್ಶನ ಮತ್ತು ಮನವೊಲಿಕೆಯಲ್ಲಿ ಪರಿಣತಿ, ಜೊತೆಗೆ ಇಷ್ಟದ ಒಂದು ವಾದ್ಯ. ಗ್ರೀಕರ ಸ್ಯಾಟಿರ್‌ನಲ್ಲಿ ದುಃಖವೂ ಇತ್ತು. ಅಥೀನಾ ದೇವಿ ಎಸೆದ ಜೋಡಿಕೊಳಲನ್ನು ಎತ್ತಿಕೊಂಡು ನುಡಿಸಲು ಕಲಿತ ಮಾರ್ಸಿಯಾಸ್ ಎಂಬ ಸ್ಯಾಟಿರ್, ಸಂಗೀತದ ದೇವರು ಅಪೊಲೊನನ್ನೇ ಸ್ಪರ್ಧೆಗೆ ಕರೆದು, ಸೋತು, ಜೀವಂತವಾಗಿ ಚರ್ಮ ಸುಲಿಸಿಕೊಂಡ. ಕಾಡಿನ ವಾದ್ಯವನ್ನು ದೇವರ ಲೈರ್ ಎಂಬ ತಂತಿವಾದ್ಯದ ಮುಂದೆ ಎತ್ತಿ ಹಿಡಿದದ್ದಕ್ಕೆ ಸಿಕ್ಕ ಶಿಕ್ಷೆ ಅದು. ನನ್ನ ಪಾತ್ರವನ್ನು ನಾನು ಕಟ್ಟಿದ್ದು ಈ ಕಥೆಯ ಮೇಲೆ: ಗುರುವಿನ ಸೋಲನ್ನು ಕಣ್ಣಾರೆ ಕಂಡು, ಜನರ ಮುಂದೆ ಕೊಳಲು ನುಡಿಸಲು ಹೆದರುವ ಸ್ಯಾಟಿರ್. ಮೋಜಿಗೆಂದು ಕೊಟ್ಟ ಪರಿಣತಿಗಳು ಭಯವನ್ನು ಮುಚ್ಚಿಕೊಳ್ಳುವ ಮುಖವಾಡವಾದಾಗ ಈ ಕುಲ ಎಷ್ಟು ಆಳಕ್ಕೆ ಹೋಗಬಲ್ಲದು ಎಂಬುದು ನನಗೆ ತಿಳಿಯಿತು. ಬರಿಯ ಕುಡುಕ ಹಾಸ್ಯಗಾರನಾಗಿ ಆಡಿದ್ದರೆ ಆರನೆಯ ತಿಂಗಳಿಗೆ ನಾನೇ ಬೇಸತ್ತಿರುತ್ತಿದ್ದೆ.

ರಾಕ್ಷಸ ಕೋಶದ ಸ್ಯಾಟಿರ್‌ಗೆ ಐಚ್ಛಿಕವಾಗಿ ಮಾಯಾಕೊಳಲು ಇರುತ್ತದೆ. ಮೋಹಗೊಳಿಸುವ, ಹೆದರಿಸುವ, ನಿದ್ದೆ ಬರಿಸುವ ಮೂರು ರಾಗಗಳು ಅದರಲ್ಲಿವೆ. ಆಟಗಾರನ ಸ್ಯಾಟಿರ್‌ಗೆ ಅದನ್ನು ಕೊಟ್ಟಿಲ್ಲ, ಮತ್ತು ಈ ಕೊರತೆ ನನ್ನನ್ನು ಬಹುಕಾಲ ಕಾಡಿತು.

2024ರ ಹೊಸ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನ ಹತ್ತು ಕುಲಗಳಲ್ಲಿ ಸ್ಯಾಟಿರ್ ಇಲ್ಲದಿದ್ದರೂ 2022ರ ರೂಪವನ್ನು ಹೊಸ ನಿಯಮಗಳ ಜೊತೆ ಆಡಲು ನಮಗೆ ಅಡ್ಡಿಯಾಗಿಲ್ಲ. ಹೊಸಬರು ಆ ರೂಪವನ್ನೇ ಆರಿಸಿಕೊಳ್ಳಲಿ. ಗ್ರೀಕ್ ಛಾಯೆಯ ಲೋಕದಲ್ಲಿಯೇ ಆಡುವವರಿಗೆ ಮಾತ್ರ ಥೆರೋಸ್ ಪುಸ್ತಕವೂ ಬೇಕಾಗುತ್ತದೆ. ಬಾರ್ಡ್ ಅಥವಾ ವಾರ್‌ಲಾಕ್ (ಅಲೌಕಿಕ ಶಕ್ತಿಯೊಂದಿಗೆ ಒಪ್ಪಂದ ಮಾಡಿಕೊಂಡ ಮಾಂತ್ರಿಕ) ಆಗಿ ಆಡುವವರಿಗೆ, ಕಥೆಯಲ್ಲಿ ಹೊರಗಿನವನಾಗಿ ನಿಲ್ಲಲು ಇಷ್ಟಪಡುವವರಿಗೆ ಇದನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಮಾಂತ್ರಿಕ ಶತ್ರುಗಳೇ ತುಂಬಿರುವ ಸಾಹಸವನ್ನು ನಡೆಸುವ ಡಂಜನ್ ಮಾಸ್ಟರ್‌ಗಳು ಮಾತ್ರ ಆಟಗಾರರಿಗೆ ಒಪ್ಪಿಗೆ ಕೊಡುವ ಮುನ್ನ ಯೋಚಿಸಲಿ.

ಕಾಡುತ್ತಿದ್ದ ಆ ಕೊರತೆಯನ್ನು ಗೆಳತಿಯೇ ನೀಗಿಸಿದರು. ಒಂಬತ್ತನೆಯ ಮಟ್ಟದಲ್ಲಿ, ಹಾಳುಬಿದ್ದ ದೇಗುಲದ ಪೀಠದ ಮೇಲೆ ನನಗಾಗಿ ‘ಪೈಪ್ಸ್ ಆಫ್ ಹಾಂಟಿಂಗ್’ ಇಟ್ಟಿದ್ದರು. ಊದುವ ವಾದ್ಯ ಬಲ್ಲವರು ಮಾತ್ರ ನುಡಿಸಬಹುದಾದ, 30 ಅಡಿಯೊಳಗೆ ಕೇಳಿದವರನ್ನು ನಡುಗಿಸುವ ಕೊಳಲು ಅದು. ಮೊದಲನೆಯ ಮಟ್ಟದಲ್ಲಿ ‘ಇಷ್ಟದ ಒಂದು ವಾದ್ಯ’ ಎಂಬ ಖಾಲಿ ಜಾಗದಲ್ಲಿ ನಾನು ಪ್ಯಾನ್ ಕೊಳಲು ಎಂದು ಬರೆದಿದ್ದದ್ದು ಆ ರಾತ್ರಿ ಉಪಯೋಗಕ್ಕೆ ಬಂತು, ಮತ್ತು ಅವನು ಮೊದಲ ಬಾರಿಗೆ ಎಲ್ಲರ ಮುಂದೆ ನುಡಿಸಿದ.